ಋಣದ ತುಂಡು

"ಬಿಡು, ಟ್ರೇ ಮುಟ್ಟಬೇಡ. ಶಾಲೆ ಅರ್ಧ, ಕೆಲಸ ಅರ್ಧ, ಮಾತು ಅರ್ಧ. ಬ್ರೆಡ್ಡನ್ನಾದರೂ ಈ ವರ್ಷ ಪೂರ್ತಿ ತಿನ್ನೋಣ ಅಂತಿದ್ದೀವಿ."

ಬೇಕರಿಯ ಮುಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಅಂದವನು ಅಪ್ಪ, ಅನ್ನಿಸಿಕೊಂಡವನು ಅವನ ಕಿರಿಮಗ. ಪ್ಲಂಬರನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಪ್ಲಂಬರ್ ಅಡ್ಡ ಏನೂ ಹಿಡಿಯದೆ ನಕ್ಕ. ಉದ್ದ ಹಿಡಿಯ ಮರದ ಸಲಿಕೆ ಹಿಡಿದು ಒಲೆಯ ಬಾಯಲ್ಲಿ ನಿಂತಿದ್ದ ಬೇಕರಿಯವನೂ ಹಲ್ಲು ಬಿಟ್ಟ. ಆ ಬೀದಿಯಲ್ಲಿ ಹುಡುಗನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ಎಲ್ಲರಿಗೂ ಅವನು 'ಅರ್ಧ'. ಆ ಹೆಸರು ಇಟ್ಟವನೂ ಅಪ್ಪನೇ.

ಹುಡುಗ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಮುಖ ಕೆಂಡವಾಗಿತ್ತು. ಆ ಕೈ ಮುಂದೆ ಹೋಗಿದ್ದಕ್ಕೆ ಒಂದು ಕಾರಣವಿತ್ತು. ಬೇಕರಿಯ ಹೊಸ್ತಿಲಿನ ಮೆಟ್ಟಿಲನ್ನು ಟ್ರೇ ಹಿಡಿದಿದ್ದ ಅಪ್ಪನ ಕಾಲು ಹುಡುಕುತ್ತಿತ್ತು. ಒಮ್ಮೆ ಗಾಳಿಯಲ್ಲಿ ಇಟ್ಟು, ಹಿಂದಕ್ಕೆ ತೆಗೆದು, ಮತ್ತೊಮ್ಮೆ ಅಳೆದು ಇಟ್ಟಿತು. ಅದು ಮಗನಿಗೆ ಬಿಟ್ಟು ಬೇರೆ ಯಾರಿಗೂ ಕಾಣಲಿಲ್ಲ. ಎಲ್ಲರೂ ನಗುವುದರಲ್ಲಿದ್ದರು.

ಆ ಬೀದಿಯ ಮನೆಗಳಲ್ಲಿ ಬ್ರೆಡ್ ಸುಡುವಷ್ಟು ದೊಡ್ಡ ಒಲೆ ಇಲ್ಲ. ವರ್ಷದ ಕೊನೆಯ ರಜೆಯ ಹಿಂದಿನ ದಿನ ಬೇಕರಿಯವನು ತನ್ನ ಕೆಲಸ ಬೇಗ ಮುಗಿಸಿ, ಕಾದ ಒಲೆಯನ್ನು ಬೀದಿಗೆ ಬಿಟ್ಟುಕೊಡುತ್ತಿದ್ದ. ಮಧ್ಯಾಹ್ನ ಹಿಟ್ಟಿನ ಟ್ರೇ ಕೊಟ್ಟು ಹೋಗುವುದು, ಸಂಜೆ ಬ್ರೆಡ್ ತೆಗೆದುಕೊಂಡು ಹೋಗುವುದು. ಟ್ರೇಗಳೆಲ್ಲ ಬೇಕರಿಯವೇ, ಎಲ್ಲಾ ಒಂದೇ ಥರ. ಅದಕ್ಕೆ ಪ್ರತಿ ಮನೆಯೂ ಹಿಟ್ಟಿನ ಅಂಚಿಗೆ ತನ್ನದೊಂದು ಗುರುತು ಹಾಕಿ ಕಳಿಸುತ್ತಿತ್ತು. ಪ್ಲಂಬರನ ಮನೆಯದು ಫೋರ್ಕಿನ ಗೀರು. ಇವರ ಮನೆಯದು ಅಪ್ಪ ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿಯ ಅಚ್ಚು, ಬ್ರೆಡ್ಡಿನ ಸುತ್ತ ಸಾಲಾಗಿ ಸಣ್ಣ ಸಣ್ಣ ಗುಳಿ. ಅಪ್ಪ ದರ್ಜಿ.

ಅಪ್ಪನ ಕಾಲು ಮೆಟ್ಟಿಲು ಹುಡುಕುವ ಈ ಕಥೆ ಶುರುವಾದದ್ದು ಕೆಲವು ವಾರಗಳ ಹಿಂದೆ.

ಅತ್ತಿಗೆಗೆ ದಿನ ತುಂಬುತ್ತಾ ಬಂದಿತ್ತು. ಒಂದು ಸಂಜೆ ಆಲೂಗೆಡ್ಡೆ ಬಡಿಸುವ ಹೊತ್ತಿಗೆ ಅಣ್ಣ ಮಾತು ತೆಗೆದ. ಅಣ್ಣ ನೀರಿನ ಇಲಾಖೆಯಲ್ಲಿ ಗುಮಾಸ್ತ. ಮನೆಯಲ್ಲಿಯೂ ನೋಟೀಸು ಓದಿದ ಹಾಗೇ ಮಾತಾಡುತ್ತಿದ್ದ.

"ಈ ಮನೇಲಿ ಸರಿಯಾದ ಕಿಟಕಿ ಇರೋದು ಒಂದೇ ಮೂಲೆಗೆ. ಆ ಮೂಲೇಲಿ ಮಷಿನ್ ಇದೆ. ಮಗುಗೆ ಗಾಳಿ ಬೆಳಕು ಬೇಡವಾ?"

"ನನ್ನ ಸೂಜಿಗೂ ಬೆಳಕು ಬೇಕು," ಎಂದ ಅಪ್ಪ.

"ಈ ವಯಸ್ಸಲ್ಲಿ ಹೊಲಿದು ಏನಾಗಬೇಕು ಅಪ್ಪ? ಆರಾಮಾಗಿ ಕೂತ್ಕೋ ಬಾರದಾ?"

"ಕೂತ್ಕೊಂಡೇ ತಾನೇ ಹೊಲಿಯೋದು. ನಿಂತ್ಕೊಂಡು ಹೊಲಿದಿದ್ದು ಯಾವಾಗ ನೋಡಿದ್ದೀಯ?"

ಅತ್ತಿಗೆ ತಟ್ಟೆ ಪಕ್ಕಕ್ಕಿಟ್ಟಳು. "ಮಾವ, ನಂಗೆ ಮಷಿನ್ ಮೇಲೆ ಹಗೆ ಏನಿಲ್ಲ. ತೊಟ್ಟಿಲು ಎಲ್ಲಿಡಲಿ ಅಂತ ನೀವೇ ಹೇಳಿಬಿಡಿ. ಕಪಾಟಿನ ಮೇಲಾ?"

"ನನ್ನ ಮಂಚದ ಜಾಗದಲ್ಲಿ ಇಡಿ, ನಾನು ಅಡುಗೆಮನೇಲಿ ಮಲಗ್ತೀನಿ," ಎಂದ ಅರ್ಧ, ಬಾಯಿ ತುಂಬ ಆಲೂಗೆಡ್ಡೆ ಇಟ್ಟುಕೊಂಡು.

"ನಿನ್ನ ಮಂಚ ಇರೋದು ಬಾಗಿಲ ಹಿಂದೆ," ಎಂದ ಅಣ್ಣ. "ಯಾರು ಬಂದರೂ ಬಾಗಿಲು ಹೋಗಿ ತೊಟ್ಟಿಲಿಗೆ ಹೊಡೆಯುತ್ತೆ. ಯೋಚನೆ ಮಾಡಿ ಮಾತಾಡು."

ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ, ಅಪ್ಪನ ತಾಯಿ, ಇಷ್ಟು ಹೊತ್ತೂ ಅಗಿಯುವುದರಲ್ಲೇ ಇದ್ದಳು. ಈಗ ನುಂಗಿದಳು. "ಆ ಮಷಿನ್ ಸದ್ದಿಗೇ ನಂಗೆ ಹಗಲು ನಿದ್ದೆ ಬರೋದು. ಅದನ್ನ ತೆಗೆದ್ರೆ ನಾನು ದಿನವಿಡೀ ಎದ್ದಿರ್ತೀನಿ. ಎಲ್ಲರೂ ವಿಚಾರ ಮಾಡಿ."

ಅದು ಬೆದರಿಕೆಯೇ ಆಗಿತ್ತು. ಆದರೂ ಅಣ್ಣ ಬಿಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಪ್ಪ ಮೇಜಿನ ಮೇಲೆ ಅಂಗೈ ಊರಿ ಎದ್ದ. "ಒಂದು ಮಾತು ಹೇಳ್ತೀನಿ, ಎಲ್ಲರೂ ಕೇಳಿ. ನನ್ನ ಹೊಲಿಗೆ ಒಂದೇ ಒಂದು ಸಲ ಸೊಟ್ಟಗೆ ಬರಲಿ. ಒಬ್ಬ ಗಿರಾಕಿ, ಒಬ್ಬನೇ ಒಬ್ಬ, ಸರಿ ಇಲ್ಲ ಅಂತ ಬಟ್ಟೆ ವಾಪಸ್ ತರಲಿ. ಅವತ್ತೇ ಮಷಿನ್ ಎತ್ಕೊಂಡು ಹೋಗಿ, ನಾನು ತುಟಿ ಪಿಟಕ್ ಅನ್ನಲ್ಲ. ಅಲ್ಲೀವರೆಗೆ ಆ ಮೂಲೆ ಸುದ್ದಿ ಬೇಡ."

ಅಣ್ಣ ಒಪ್ಪಿದ. ಒಪ್ಪದೆ ಬೇರೆ ದಾರಿಯಿರಲಿಲ್ಲ, ಅಪ್ಪನ ಹೊಲಿಗೆ ವಾಪಸ್ ಬಂದಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಅರ್ಧನ ಕೆಲಸ ಲಾಂಡ್ರಿಯಲ್ಲಿ. ಲಾಡ್ಜುಗಳ ಹಾಸಿಗೆ ಹೊದಿಕೆ, ಹೋಟೆಲಿನ ಮೇಜುಬಟ್ಟೆ, ಊರವರ ಅಂಗಿ. ದಿನವಿಡೀ ಹಬೆಯಲ್ಲಿ ನಿಂತು ಇಸ್ತ್ರಿ ಒತ್ತಿ ಒತ್ತಿ ಅವನ ಬೆರಳ ತುದಿ ಜಡ್ಡುಗಟ್ಟಿತ್ತು. ಆ ಜಗಳವಾದ ಕೆಲವೇ ದಿನಕ್ಕೆ ಬಸ್ ಕಂಡಕ್ಟರನ ಒಂದು ಹೊಸ ಅಂಗಿ ಅವನ ಮೇಜಿಗೆ ಬಂತು. ಹೊಲಿದವನು ಅಪ್ಪ ಎಂದು ಕಾಲರ್ ನೋಡಿದ ಕೂಡಲೇ ಗೊತ್ತಾಯಿತು. ಕಾಲರಿನಿಂದ ಕೆಳಗೆ ಕಣ್ಣು ಇಳಿದಾಗ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ. ಗುಂಡಿಯ ಕಾಜಗಳು ಒಂದರ ಕೆಳಗೊಂದು ಇರಲಿಲ್ಲ. ತೋಳಿನ ಹೊಲಿಗೆ ಕುಡಿದವನು ಮನೆಗೆ ಹೋದ ದಾರಿಯಂತೆ ಹೋಗಿತ್ತು.

ಕಂಡಕ್ಟರ್ ಇನ್ನೂ ಗಮನಿಸಿರಲಿಕ್ಕಿಲ್ಲ. ಗಮನಿಸಿದ ದಿನ ಅಂಗಿ ಮನೆಗೆ ಬರುತ್ತದೆ, ಅಂಗಿ ಬಂದ ದಿನ ಮಷಿನ್ ಹೋಗುತ್ತದೆ.

ಲಾಂಡ್ರಿಯ ಹಿಂಭಾಗದಲ್ಲಿ ಹರಿದ ಹೊದಿಕೆ ಹೊಲಿಯಲು ಒಂದು ಹಳೇ ಮಷಿನ್ ಇತ್ತು. ಊಟದ ಹೊತ್ತಿನಲ್ಲಿ ಅರ್ಧ ಅಲ್ಲಿ ಕೂತು ಅಂಗಿಯ ತೋಳು ಬಿಚ್ಚಿದ. ಚಿಕ್ಕವನಿದ್ದಾಗ ಶಾಲೆಯ ಲೆಕ್ಕ ಮಾಡು ಎಂದು ಅವನನ್ನು ಅಪ್ಪನ ಮಷಿನ್ ಕೆಳಗೆ ಕೂರಿಸುತ್ತಿದ್ದರು. ಲೆಕ್ಕ ಬರಲಿಲ್ಲ, ಹೊಲಿಗೆ ಬಂತು. ಒಂದೊಂದು ಹೊಲಿಗೆ ಬಿಚ್ಚುವಾಗಲೂ ಅಪ್ಪನಿಗೆ ಒಂದೊಂದು ಬೈಗುಳ ಬೈಯುತ್ತಾ ಬಿಚ್ಚಿದ. ನೇರವಾಗಿ ಹೊಲಿದ. ಇದನ್ನು ಪ್ರೀತಿಯಿಂದ ಮಾಡಿದೆ ಎಂದು ಯಾರಾದರೂ ಹೇಳಿದ್ದರೆ ಕಾದ ಇಸ್ತ್ರಿಪೆಟ್ಟಿಗೆಯನ್ನೇ ಎತ್ತಿ ಎಸೆಯುತ್ತಿದ್ದ. ಮಷಿನ್ ಹೋದರೆ ಅಪ್ಪ ಖಾಲಿ ಕೂರುತ್ತಾನೆ, ಖಾಲಿ ಕೂತ ಅಪ್ಪ ದಿನವಿಡೀ ತನ್ನನ್ನೇ ಹಿಡಿದು ಹೊಲಿಯುತ್ತಾನೆ, ಆ ಕಾಟ ಬೇಡ. ಅವನು ತನಗೆ ತಾನೇ ಹೇಳಿಕೊಂಡ ಕಾರಣ ಅಷ್ಟೇ.

ಅವತ್ತು ಸಂಜೆಯೇ ಮನೆಯಲ್ಲಿ ಅಂದ, "ಇನ್ಮೇಲೆ ಹೊಲಿದ ಬಟ್ಟೆ ಕೊಟ್ಟು ಬರೋದು ನಾನೇ. ಲಾಂಡ್ರಿಗೆ ಹೋಗೋ ದಾರೀಲೇ ಕೊಡ್ತೀನಿ."

"ಏನಪ್ಪ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಎಂದ ಅಪ್ಪ. "ಗಿರಾಕಿಗಳ ಹತ್ತಿರ ಚಿಲ್ಲರೆ ಗಿಟ್ಟುತ್ತಾ?"

"ಗಿಟ್ಟಿದ್ರೆ ನಿಂಗೂ ಅರ್ಧ ಕೊಡ್ತೀನಿ."

ಅಲ್ಲಿಂದ ಮುಂದೆ ಮನೆಯಿಂದ ಹೊರಟ ಯಾವ ಬಟ್ಟೆಯೂ ಲಾಂಡ್ರಿಯ ಹಿಂಬಾಗಿಲು ಕಾಣದೆ ಗಿರಾಕಿಯ ಮನೆ ಸೇರಲಿಲ್ಲ. ಬೆಳಿಗ್ಗೆ ಹೋದ ಪೊಟ್ಟಣ ಸಂಜೆ ತಲುಪುತ್ತಿತ್ತು. ಅಪ್ಪನಿಗೆ ದೂರು ಬಂತು, ಅಪ್ಪ ಮಗನಿಗೆ ದಾಟಿಸಿದ.

"ಎರಡು ಬೀದಿ ಆಚೆಗೆ ಒಂದು ಪ್ಯಾಂಟು ಕೊಟ್ಟು ಬರೋಕೆ ಹೊತ್ತು ಮುಳುಗಬೇಕಾ? ಎಲ್ಲಿ ಸಾಯ್ತೀಯ ನೀನು?"

"ದಾರೀಲಿ ಗೆಳೆಯರು ಸಿಕ್ಕಿದ್ರು."

"ಗೆಳೆಯರು. ಅವರೂ ಶಾಲೆ ಬಿಟ್ಟವರಾ, ಇಲ್ಲ ಶಾಲೇನೇ ಅವರನ್ನ ಬಿಟ್ಟಿತಾ?"

ಆ ಮಾತು ಬಂತೆಂದರೆ ಅದರ ಹಿಂದೆ ಹೆಡ್‌ಮಾಸ್ತರರ ಕೋಟಿನ ಕಥೆ ಬರುತ್ತಿತ್ತು. ಮಗ ಮಾಸ್ತರರೊಬ್ಬರಿಗೆ ಎದುರು ಬಿದ್ದು ಶಾಲೆಯಿಂದ ಹೊರಬಂದಾಗ, ಅಪ್ಪ ಹೆಡ್‌ಮಾಸ್ತರರಿಗೆ ಬಿಟ್ಟಿ ಕೋಟು ಹೊಲಿದುಕೊಟ್ಟು ಮಗನನ್ನು ವಾಪಸ್ ಸೇರಿಸಲು ಒಪ್ಪಿಸಿ ಬಂದಿದ್ದ. ಮಗ ಒಂದು ಸಲ 'ತಪ್ಪಾಯ್ತು' ಅಂದರೆ ಸಾಕಿತ್ತು. ಮಗ ಅನ್ನಲಿಲ್ಲ. ಹೆಡ್‌ಮಾಸ್ತರರು ಕೋಟು ವಾಪಸ್ ಕೊಡಲಿಲ್ಲ. "ನನ್ನ ಕೋಟು ಈಗಲೂ ಶಾಲೆಗೆ ಹೋಗುತ್ತೆ, ನನ್ನ ಮಗ ಹೋಗಲಿಲ್ಲ" ಎಂದು ಅಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಇತ್ತ ಲಾಂಡ್ರಿಯ ಯಜಮಾನನೂ ಗೊಣಗತೊಡಗಿದ. "ಏನಯ್ಯ, ಇಲ್ಲಿಗೆ ಇಸ್ತ್ರಿ ಮಾಡೋಕೆ ಬರ್ತೀಯೋ, ದರ್ಜಿ ಆಗೋಕೆ ಬರ್ತೀಯೋ? ನನ್ನ ದಾರ ಯಾಕೆ ಹಿಂಗೆ ಕರಗುತ್ತಿದೆ?"

"ನಿಮ್ಮ ಹೊದಿಕೆಗಳು ಜಾಸ್ತಿ ಹರೀತಿವೆ ಸಾರ್. ಲಾಡ್ಜಿನವರನ್ನ ಕೇಳಿ."

ಹೀಗೆ ದಿನ ಉರುಳಿ ಬ್ರೆಡ್ ಮಾಡುವ ದಿನ ಬಂತು.

ಬೆಳಗಾಗುತ್ತಲೇ ಅಮ್ಮ ದೊಡ್ಡ ಬೋಗುಣಿ ಇಳಿಸಿ ಹಿಟ್ಟು ನಾದಲು ಕೂತಳು. ಅತ್ತಿಗೆ ಕಾಲು ಚಾಚಿಕೊಂಡು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು, ಬಿಡಿಸಿದ್ದರಲ್ಲಿ ಕೆಲವು ಬಾಯಿಗೂ ಹೋಗುತ್ತಿದ್ದವು. ಅಜ್ಜಿ ಅಕ್ರೋಟಗಳನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಒತ್ತಿ ಒಡೆಯುತ್ತಿದ್ದಳು. ಅರ್ಧನನ್ನು ಅಂಗಡಿಗೆ ಓಡಿಸುವುದೇ ಎಲ್ಲರ ಕೆಲಸವಾಗಿತ್ತು. ಬೆಣ್ಣೆ ತಂದ, ಮೊಟ್ಟೆ ಮರೆತಿದ್ದರು. ಮೊಟ್ಟೆ ತಂದ, ಸಕ್ಕರೆ ಸಾಲದು ಎಂದರು.

"ಒಂದೇ ಸಲ ಹೇಳೋಕೇನು ನಿಮಗೆಲ್ಲ?"

"ಒಂದೇ ಸಲ ನೆನಪಾಗಬೇಕಲ್ಲಪ್ಪ," ಎಂದಳು ಅಮ್ಮ. "ಹೋಗ್ತಾ ಔಷಧಿ ಅಂಗಡಿಯಮ್ಮನ ಕೋಟೂ ಕೊಟ್ಟುಬಿಡು. ಸಂಜೆಗೆ ಹಾಕ್ಕೋಬೇಕಂತೆ ಆಯಮ್ಮ. ಬೇಗ ಕೊಡು, ನಿನ್ನ ಗೆಳೆಯರು ಸಿಕ್ಕಿದ್ರೆ ನನ್ನ ಹೆಸರು ಹೇಳಿ ತಪ್ಪಿಸ್ಕೋ."

ಕಂದು ಕೋಟು. ಹೊರಗೆಲ್ಲ ಸರಿಯಾಗಿತ್ತು, ಒಳಗಿನ ಅಸ್ತರು ಒಂದು ಕಡೆ ಬಟ್ಟೆಯನ್ನೇ ಹಿಡಿದಿರಲಿಲ್ಲ, ಜೋತುಬಿದ್ದಿತ್ತು. ಲಾಂಡ್ರಿಯಲ್ಲಿ ಅವತ್ತು ಉಳಿದಿದ್ದು ಹೊದಿಕೆಗೆ ಹಾಕುವ ಬಿಳಿ ದಾರ ಒಂದೇ. ಅಪ್ಪ ಹಾಕಿದ್ದು ಕಂದು ದಾರ. ಒಳಗಡೆ ತಾನೇ, ಯಾರು ಮಗುಚಿ ನೋಡುತ್ತಾರೆ ಎಂದುಕೊಂಡು ಬಿಳಿ ದಾರದಲ್ಲೇ ಹೊಲಿದು ಕೊಟ್ಟು ಬಂದ.

ಸಕ್ಕರೆಯೊಂದಿಗೆ ಮನೆಗೆ ಬಂದಾಗ ಹಿಟ್ಟು ಉಬ್ಬಿತ್ತು. ಅಪ್ಪ ಬೆರಳಿಗೆ ತಗಡಿನ ಟೋಪಿ ಹಾಕಿಕೊಂಡು ಅಂಚಿಗೆ ಅಚ್ಚು ಒತ್ತುತ್ತಿದ್ದ. ಪ್ರತಿ ವರ್ಷ ಗುಳಿಗಳು ಅಳತೆ ಹಿಡಿದ ಹಾಗೆ ಬೀಳುತ್ತಿದ್ದವು. ಈ ಸಲ ಒಂದು ಕಡೆ ಒಂದರ ಮೇಲೊಂದು ಗುಂಪುಗಟ್ಟಿದ್ದವು, ಇನ್ನೊಂದು ಕಡೆ ಅಂಗೈ ಅಗಲ ಬೋಳು. ಅಣ್ಣ ಅಡುಗೆಮನೆಗೆ ಬರುವ ಸದ್ದಾಯಿತು. ಅಮ್ಮ ಏನೂ ಅನ್ನದೆ ಟ್ರೇ ತಿರುಗಿಸಿ ಬೋಳು ಭಾಗವನ್ನು ಗೋಡೆಯ ಕಡೆಗೆ ಮಾಡಿದಳು. ಆಮೇಲೆ ಅರ್ಧನ ಮುಖ ನೋಡಿದಳು. ಅರ್ಧ ಅವಳ ಮುಖ ನೋಡಿದ.

"ಸಕ್ಕರೆ ಅಲ್ಲಿಡು," ಎಂದಳು.

ಆ ದಿನದ ಬ್ರೆಡ್ಡಿಗೆ ಅಮ್ಮ ಮಾಡಿದ್ದ ಒಂದು ಕಟ್ಟಳೆ ಇತ್ತು. ಯಾರೂ ತಮ್ಮ ತುಂಡನ್ನು ತಾವೇ ಎತ್ತಿಕೊಳ್ಳುವಂತಿಲ್ಲ. ಆ ವರ್ಷ ಮನೆಯಲ್ಲಿ ಯಾರ ಋಣ ತನ್ನ ಮೇಲಿದೆಯೋ ಅವರ ಕೈಗೆ ಒಂದು ತುಂಡು ಕೊಟ್ಟು, ಯಾವುದಕ್ಕೆ ಎಂದು ಎಲ್ಲರೆದುರು ಹೇಳಬೇಕು. ಅದಕ್ಕೆ ಋಣದ ತುಂಡು ಎಂದು ಹೆಸರು. ಯಾರಿಗೂ ನೆನಪಾಗದೆ ಉಳಿದವರಿಗೆ ಕೊನೆಯಲ್ಲಿ ಅಮ್ಮ ಸುಮ್ಮನೆ ಒಂದು ತುಂಡು ಕೊಡುತ್ತಿದ್ದಳು. ಶಾಲೆ ಬಿಟ್ಟಾಗಿನಿಂದ ಅರ್ಧನಿಗೆ ಸಿಗುತ್ತಿದ್ದುದು ಆ ಸುಮ್ಮನೆಯ ತುಂಡೇ. ಅದರ ರುಚಿ ಬೇರೆ ಇರಲಿಲ್ಲ, ಆದರೂ ಪ್ರತಿ ವರ್ಷ ಅವನು ಅದನ್ನು ಬೇಗ ಬೇಗ ನುಂಗಿ ಎದ್ದುಬಿಡುತ್ತಿದ್ದ.

ಮಧ್ಯಾಹ್ನ ಟ್ರೇ ಒಯ್ಯುವಾಗ ಬೇಕರಿಯ ಮುಂದೆ ಅಪ್ಪ ಅಂದ ಮಾತು, ಬೀದಿ ನಕ್ಕ ನಗು, ಅದಾದ ಮೇಲೆ ಅರ್ಧ ನೇರ ಲಾಂಡ್ರಿಗೆ ಹೋಗಿ ಮೇಜುಬಟ್ಟೆಗಳ ಮೇಲೆ ಸೇಡು ತೀರಿಸಿಕೊಂಡ. ಯಜಮಾನ ಎರಡು ಸಲ ಬಂದು, "ಸುಟ್ಟುಬಿಟ್ಟೀಯ, ಜೋಕೆ," ಎಂದು ಹೇಳಿ ಹೋದ.

ಸಂಜೆ ಸೈಕಲ್ ತಳ್ಳಿಕೊಂಡು ಬರುವಾಗ ಬೇಕರಿಯ ಬಾಗಿಲಲ್ಲಿ ಅಪ್ಪ ಮತ್ತೆ ಕಂಡ. ಬ್ರೆಡ್ ಒಯ್ಯಲು ತಾನೇ ಬಂದಿದ್ದ. ಪಕ್ಕದಲ್ಲಿ ಕಂದು ಕೋಟು ತೊಟ್ಟ ಔಷಧಿ ಅಂಗಡಿಯಮ್ಮ.

"ನಿಮ್ಮ ಕೈ ಇನ್ನೂ ಹಾಗೇ ಇದೆ ನೋಡಿ," ಎನ್ನುತ್ತಿದ್ದಳು ಆಕೆ, ಕೋಟಿನ ಒಳಮೈ ಮಗುಚಿ ಹಿಡಿದು. "ಅಸ್ತರು ಎಷ್ಟು ನೀಟಾಗಿ ಕೂತಿದೆ. ಆದರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಂದು ಬಟ್ಟೆಗೆ ಬಿಳಿ ದಾರ ಯಾಕೆ ಹಾಕಿದ್ರಿ?"

ಅಪ್ಪ ಕೋಟಿನ ಹತ್ತಿರಕ್ಕೆ ಬಾಗಿದ. ಕೈ ಚಾಚಿ ಅಸ್ತರಿನ ಹೊಲಿಗೆಯ ಮೇಲೆ ಹೆಬ್ಬೆರಳನ್ನು ನಿಧಾನಕ್ಕೆ ಉದ್ದಕ್ಕೂ ಎಳೆದ. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಎಳೆದ.

"ಒಳಗಡೆ ತಾನೇ," ಎಂದ. "ಇದ್ದ ದಾರ ಹಾಕಿದೆ."

ಆಮೇಲೆ ಒಳಗೆ ಹೋಗಿ ಹಲಗೆಯ ಮೇಲಿದ್ದ ಟ್ರೇಗಳಲ್ಲಿ ಒಂದನ್ನು ಎತ್ತಿಕೊಂಡು, ಗೋಡೆಗೆ ಭುಜ ತಾಗಿಸಿಕೊಂಡು ಬದಿಗೆ ಸರಿದು ಮನೆ ಕಡೆ ನಡೆದ. ಬ್ರೆಡ್ಡಿನ ಅಂಚಿನಲ್ಲಿ ಫೋರ್ಕಿನ ಗೀರು ಇತ್ತು.

ಬೇಕರಿಯವನು ತಲೆ ಹೊರಗೆ ಹಾಕಿದ. "ಏಯ್ ಅರ್ಧ, ನಿಮ್ಮಪ್ಪ ಪ್ಲಂಬರಂದು ಎತ್ಕೊಂಡು ಹೋದ್ರಲ್ಲೋ. ಕೂಗು."

"ಕೂಗಬೇಡ. ನಮ್ಮದನ್ನ ಇತ್ತ ಕೊಡು."

ಗುಳಿಗಳು ಗುಂಪುಗಟ್ಟಿದ್ದ ಬ್ರೆಡ್ಡಿನ ಟ್ರೇಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹಿಂದೆಯೇ ಹೋದ. ತಿರುವಿನಲ್ಲಿ ಅಪ್ಪನನ್ನು ಸೇರಿಕೊಂಡು, "ಕೊಡು, ಇಲ್ಲಿಂದ ನಾನು ಹಿಡ್ಕೋತೀನಿ," ಎಂದ. ಅಪ್ಪ ಕೊಡಲಿಲ್ಲ. ಇಬ್ಬರೂ ಎರಡು ಬ್ರೆಡ್ ಹಿಡಿದು ಮನೆಗೆ ಬಂದರು.

"ಇದು ನಮ್ಮದಲ್ಲ," ಎಂದಳು ಅತ್ತಿಗೆ, ಅಪ್ಪ ಇಟ್ಟ ಟ್ರೇ ನೋಡಿದ ಕೂಡಲೇ.

"ನಮ್ಮದು ಇದು," ಎಂದು ಅರ್ಧ ತನ್ನದನ್ನು ಪಕ್ಕದಲ್ಲಿಟ್ಟ.

ಅಣ್ಣ ಒಂದರಿಂದ ಒಂದಕ್ಕೆ ನೋಡಿದ. "ಎರಡೆರಡು ಹೆಂಗೆ ಬಂದ್ವು? ಇದನ್ನ ಎತ್ತಿದ್ದು ಯಾರು?"

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅರ್ಧ ಅಂದ, "ನಾನೇ. ಎತ್ತಿ ಅಪ್ಪನ ಕೈಗೆ ಕೊಟ್ಟೆ. ಆಮೇಲೆ ಗೊತ್ತಾಯ್ತು."

"ಕಣ್ಣು ಎಲ್ಲಿಟ್ಟಿರ್ತೀಯೋ ನೀನು? ಗುಳಿಗೂ ಗೀರಿಗೂ ವ್ಯತ್ಯಾಸ ಕಾಣಲ್ವಾ?"

"ಹೋಗಲಿ ಬಿಡೋ," ಎಂದಳು ಅಜ್ಜಿ. "ಯಾವತ್ತೂ ಅರ್ಧ ತರೋನು ಇವತ್ತು ಎರಡು ತಂದಿದ್ದಾನೆ. ತಿಂದುಬಿಡೋಣ."

ಬಾಗಿಲಲ್ಲಿ ಪ್ಲಂಬರ್ ಆಗಲೇ ನಿಂತಿದ್ದ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ, "ಮುಂದಿನ ವರ್ಷ ನಮ್ಮದಕ್ಕೆ ಬೀಗ ಹಾಕಿ ಕಳಿಸ್ತೀನಿ ಕಣೋ ಅರ್ಧ," ಎಂದು ತನ್ನ ಬ್ರೆಡ್ ಎತ್ತಿಕೊಂಡು ಹೋದ. ಅವನ ನಗು ಬೀದಿಯಲ್ಲಿ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

ಎಲ್ಲರೂ ಮೇಜಿನ ಸುತ್ತ ಸೇರಿದರು. ಅಮ್ಮ ಬ್ರೆಡ್ ಕೊಯ್ದಳು. ಕಟ್ಟಳೆಯಂತೆ ಕಿರಿಯವನು ಮೊದಲು. ಅರ್ಧ ಅಮ್ಮನಿಗೆ ಕೊಟ್ಟ, "ಊಟ ಹಾಕಿದ್ದಕ್ಕೆ," ಎಂದ. ಅತ್ತಿಗೆಯೂ ಅಮ್ಮನಿಗೇ ಕೊಟ್ಟಳು, "ಸಂಜೆ ಹೊತ್ತು ನನ್ನ ಕಾಲು ಒತ್ತಿದ್ದಕ್ಕೆ ಅತ್ತೆ." ಅಣ್ಣ ಹೆಂಡತಿಗೆ ಕೊಟ್ಟ, ಯಾವುದಕ್ಕೆ ಎಂದು ಹೇಳುವಾಗ ಅವನ ನೋಟೀಸಿನ ಭಾಷೆ ಕೈಕೊಟ್ಟಿತು, ಅತ್ತಿಗೆಯ ಹೊಟ್ಟೆ ಕಡೆ ಬೆರಳು ತೋರಿಸಿದ. ಅಮ್ಮ ಅತ್ತಿಗೆಗೆ ಕೊಟ್ಟಳು. ಅಜ್ಜಿ ಸರದಿ ಕಾಯದೆ ತನ್ನ ತುಂಡನ್ನು ತಾನೇ ಬಾಯಿಗೆ ಹಾಕಿಕೊಂಡು, "ನಂಗೆ ನಾನೇ, ಇನ್ನೂ ಇದ್ದಿದ್ದಕ್ಕೆ. ಬೈಯೋರು ಬೈಯಿರಿ," ಎಂದಳು.

ಉಳಿದವನು ಅಪ್ಪ. ಅಪ್ಪ ಪ್ರತಿ ವರ್ಷ ಕೊಡುತ್ತಿದ್ದುದು ಅಜ್ಜಿಗೆ, ಹೆತ್ತಿದ್ದಕ್ಕೆ. ಅಜ್ಜಿ ಆಗಲೇ ಕೈ ಚಾಚಿದ್ದಳು. ಅಪ್ಪ ತುಂಡು ಹಿಡಿದು ಎದ್ದು, ಅವಳನ್ನು ದಾಟಿ ಕಿರಿಮಗ ನಿಂತಿದ್ದ ಕಡೆಗೆ ಕೈ ನೀಡಿದ. ಕೈ ಹೋದದ್ದು ಸ್ವಲ್ಪ ಆಚೆಗೆ, ಕಪಾಟಿನ ಕಡೆಗೆ. ಅರ್ಧ ಸದ್ದಾಗದ ಹಾಗೆ ಸರಿದು ಆ ಕೈಯ ಎದುರಿಗೆ ಬಂದು ನಿಂತ.

ಅಜ್ಜಿ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು, "ಯಾವುದಕ್ಕೆ ಅಂತ ಹೇಳಬೇಕು. ಕಟ್ಟಳೆ," ಎಂದಳು.

"ಹೇಳ್ತೀನಿ," ಎಂದ ಅಪ್ಪ. "ಮೊದಲು ಇವನು ಹೇಳಲಿ. ಕೋಟಿಗೆ ಬಿಳಿ ದಾರ ಎಲ್ಲಿಂದ ಬಂತೋ?"

"ಯಾವ ಕೋಟು?" ಎಂದ ಅಣ್ಣ. "ಏನು ದಾರ?"

"ನಿನ್ನನ್ನ ಕೇಳಲಿಲ್ಲ. ಇವನನ್ನ ಕೇಳಿದ್ದು. ಎಲ್ಲರೂ ಇದ್ದಾರೆ, ಈಗಲೇ ಹೇಳಲಿ. ಮಧ್ಯಾಹ್ನ ಬೇಕರಿ ಹತ್ತಿರ ನಾನು ಇವನನ್ನ ಎಲ್ಲರ ಮುಂದೆ ತಾನೇ ಅಂದಿದ್ದು."

ಅಮ್ಮನ ಕೈಯಲ್ಲಿ ಚಾಕು ನಿಂತಿತ್ತು. ಅವಳು ಬ್ರೆಡ್ ನೋಡುತ್ತಿದ್ದಳು. ಕಿಟಕಿಯ ಮೂಲೆಯಲ್ಲಿ ಮಷಿನ್ ಬಟ್ಟೆ ಹೊದ್ದು ಕೂತಿತ್ತು, ಅದರ ಮೇಲೆ ಕೊಡಬೇಕಾದ ಒಂದು ಪೊಟ್ಟಣ ಇತ್ತು, ಕಂಡಕ್ಟರನ ಪ್ಯಾಂಟು. ಉತ್ತರ ಎರಡೇ ಮಾತಿನದು, ದಾರ ಲಾಂಡ್ರಿಯದು, ಹೊಲಿದಿದ್ದು ನಾನು. ಅದನ್ನು ಅಂದರೆ ಅಪ್ಪ ಈ ತುಂಡು ಯಾವುದಕ್ಕೆ ಎಂದು ಎಲ್ಲರೆದುರು ಹೇಳುತ್ತಿದ್ದ. ಅಣ್ಣ ನಾಳೆಯೇ ಆ ಮೂಲೆಗೆ ತೊಟ್ಟಿಲು ತರುತ್ತಿದ್ದ.

"ಹೇಳೋ," ಎಂದ ಅಣ್ಣ. "ಬಾಯಿಗೆ ಏನಾಗಿದೆ? ಇದೂ ಅರ್ಧಾನಾ?"

ಅರ್ಧ ಅಪ್ಪನ ಕೈಯಿಂದ ತುಂಡು ತೆಗೆದುಕೊಂಡ. ಇನ್ನೂ ಬಿಸಿಯಿತ್ತು. ಅದನ್ನು ಬಾಯಿಗಿಟ್ಟು, ಮಷಿನ್ ಮೇಲಿದ್ದ ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು, ಅಗಿಯುತ್ತಾ ಬಾಗಿಲು ದಾಟಿ ಬೀದಿಗಿಳಿದು ಲಾಂಡ್ರಿಯ ಕಡೆಗೆ ನಡೆದ.